ಭಾಗವತರು ಹೋದ ಮೇಲೂ ಉಳಿದ ಮೇಳಗಳು

ನಾರ್ತ್ ಕೆರೊಲೈನಾದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ತಿಳಿನೀಲಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗಿದ್ದೆ. ಕಿನ್ನಿಗೋಳಿಯಲ್ಲಿ ಅಮ್ಮ ಬಟ್ಟೆ ತೆಗೆದು ಹೊಲಿಸಿ ಕೊಟ್ಟಿದ್ದು. ಕಾಫಿ ಮಷೀನಿನ ಹತ್ತಿರ ಸಹೋದ್ಯೋಗಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ನೀನೂ ಆ ಕಡೆಯವನಾ?" ಎಂದರು. ಯಾವ ಕಡೆ? ನನಗೆ ತಲೆಬುಡ ಅರ್ಥವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು: ತಿಳಿನೀಲಿ ಅಂದರೆ ಚ್ಯಾಪಲ್ ಹಿಲ್‌ನ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯ. ಕಡುನೀಲಿ ಅಂದರೆ ಡರಮ್‌ನ ಡ್ಯೂಕ್. ಎರಡರ ನಡುವೆ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಜಗಳ ಮಾತ್ರ ತಲೆಮಾರುಗಳದ್ದು. ಅದೂ ಯಾವುದಕ್ಕೆ? ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್‌ಗೆ.

ನಮ್ಮಲ್ಲಿ ಕಾಲೇಜಿನ ಹೆಸರು ಹೇಗೆ ಬೆಳೆಯುತ್ತದೆ ಅಂತ ನಿಮಗೆ ಗೊತ್ತು. ಸಿಇಟಿಯಲ್ಲಿ ಎಷ್ಟನೇ ರ್‍ಯಾಂಕಿಗೆ ಸೀಟು ಮುಗಿಯಿತು, ಕ್ಯಾಂಪಸ್‌ಗೆ ಯಾವ ಕಂಪನಿ ಬಂತು, ಅಷ್ಟೇ. ನಾನು ಓದಿದ ಕಾಲೇಜಿನಲ್ಲೂ ಒಂದು ಬಾಸ್ಕೆಟ್‌ಬಾಲ್ ಅಂಗಳ ಇತ್ತು. ವಾರ್ಷಿಕೋತ್ಸವಕ್ಕೆ ಅಲ್ಲೇ ಶಾಮಿಯಾನ, ಉಳಿದ ದಿನ ಅಲ್ಲೇ ಸ್ಕೂಟರ್. ಮೂಡುಬಿದಿರೆಯಂಥ ಕಡೆ ಓಟಗಾರರನ್ನೂ ಕಬಡ್ಡಿಯವರನ್ನೂ ಉಚಿತವಾಗಿ ಓದಿಸಿ ಬೆಳೆಸಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಗೆದ್ದವರ ಸುದ್ದಿ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ಇಲ್ಲಿ ಊರಿಗೆ ಊರೇ ಕೆಲಸ ಬಿಟ್ಟು ಕೂರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ದಾರಿ ಯಕ್ಷಗಾನ. ನಗಬೇಡಿ. ಇಲ್ಲಿಯ ಸೀಸನ್ ನವೆಂಬರ್‌ನಲ್ಲಿ ಶುರು, ನಮ್ಮ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುವ ಹೊತ್ತಿಗೇ. ಏಪ್ರಿಲ್ ಮೊದಲ ವಾರದಲ್ಲಿ ಫೈನಲ್. ಅದರ ಹಿಂದುಮುಂದೆ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸುವ ಆಟಗಾರರು ಹೆಸರು ಕೊಡುವ ಪಟ್ಟಿ, ತೆರೆಯುತ್ತದೆ. ಯಾವ ಹುಡುಗ ಯಾವ ಕಾಲೇಜು ಬಿಟ್ಟ, ಯಾರು ಎಷ್ಟು ಕೊಡುತ್ತಾರಂತೆ ಅನ್ನುವ ಗುಸುಗುಸು. ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆ ಕಳೆದ ಮೇಲೆ "ಆ ವೇಷಧಾರಿ ಈ ಸಲ ಮೇಳ ಬಿಟ್ಟನಂತೆ" ಅಂತ ಅಂಗಡಿ ಜಗಲಿಯಲ್ಲಿ ನಡೆಯುವ ಮಾತೇ ಇದು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು. ಹಾಗಾಗಿ ಗುಸುಗುಸು ಈಗ ಇನ್ನೂ ಜಾಸ್ತಿ.

ಪ್ರತಿ ಮಾರ್ಚ್‌ನಲ್ಲಿ ಆಫೀಸಿನ ಊಟದ ಮೇಜಿನಲ್ಲಿ ಒಂದು ವಾದ ಏಳುತ್ತದೆ: ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಈ ಕಾಲದ ಅತಿ ದೊಡ್ಡ ಹೆಸರು ಯಾವುದು? ಈ ಕಾಲ ಅಂದರೆ 1985ರಿಂದ ಈಚೆ. ಆ ವರ್ಷ ಕಾಲೇಜುಗಳ ರಾಷ್ಟ್ರೀಯ ಟೂರ್ನಮೆಂಟ್ 64 ತಂಡಗಳಿಗೆ ಬೆಳೆಯಿತು. ಮೊದಲ ಸಲವೇ ಎಂಟನೇ ಸೀಡಿನ (ಶ್ರೇಯಾಂಕದ) ವಿಲನೋವಾ ತಂಡ ಜಾರ್ಜ್‌ಟೌನ್ ತಂಡವನ್ನು 66–64ರಲ್ಲಿ ಕೆಡವಿ ಗೆದ್ದಿತು. ಈ ಗೆರೆ ಎಳೆದರೆ ಪಾಪ, ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎ ಹೊರಗುಳಿಯುತ್ತದೆ. ಅವರ ಹತ್ತಿರ 11 ಪ್ರಶಸ್ತಿ ಇವೆ. ಅದರಲ್ಲಿ 10 ಜಾನ್ ವುಡನ್ ಅನ್ನುವ ಒಬ್ಬರೇ ಕೋಚ್ 1964ರಿಂದ 1975ರೊಳಗೆ ಗೆದ್ದುಕೊಟ್ಟದ್ದು. ಅವರು ಹೋದ ಮೇಲೆ 1995ರಲ್ಲಿ ಒಂದು. ಹಾಡಿ ಆಟ ನಡೆಸುವ ಭಾಗವತರು ಎದ್ದು ಹೋದರು, ವೇಷ ಕಟ್ಟುವ ಚೌಕಿಯಲ್ಲಿ ಹಳೆ ಕಿರೀಟಗಳು ಉಳಿದವು.

ನನ್ನ ಅಳತೆ ಹುಟ್ಟಿದ್ದು ಇಲ್ಲಿಂದಲೇ. ಎಲ್ಲರೂ ಪ್ರಶಸ್ತಿ ಎಣಿಸುತ್ತಾರೆ. 2025ರವರೆಗಿನ ಲೆಕ್ಕ ಹೀಗಿದೆ: ಕನೆಕ್ಟಿಕಟ್, ಅಂದರೆ ಯುಕಾನ್ 6, ಡ್ಯೂಕ್ 5, ನಾರ್ತ್ ಕೆರೊಲೈನಾ 4. ಕೆಂಟಕಿ, ಕಾನ್ಸಸ್, ವಿಲನೋವಾ, ಫ್ಲೋರಿಡಾ ತಲಾ 3. ನಾನು ಎಣಿಸುವುದು ಕೆಟ್ಟ ವರ್ಷಗಳನ್ನು. ಮೇಳ ಮಕಾಡೆ ಮಲಗಿದ ವರ್ಷ ಏನಾಯಿತು? ಯಾರು ಎಬ್ಬಿಸಿದರು? ಎದ್ದು ಎಷ್ಟು ದೂರ ನಡೆಯಿತು?

ಹಾಗೆ ನೋಡಿದರೆ ಮೊದಲ ಸ್ಥಾನ ಯುಕಾನ್‌ಗೆ. ಇದನ್ನು ಈ ಊರಿನಲ್ಲಿ ಗಟ್ಟಿಯಾಗಿ ಹೇಳಿದರೆ ಎರಡೂ ನೀಲಿಯವರು ಸೇರಿ ನನ್ನನ್ನು ಹೊರಗೆ ಹಾಕುತ್ತಾರೆ.

ಯುಕಾನ್ ಇರುವ ಸ್ಟಾರ್ಸ್ ಒಂದು ಹಳ್ಳಿ. ಕ್ಯಾಂಪಸ್ಸಿನಲ್ಲಿ ದನದ ಕೊಟ್ಟಿಗೆ ಇದೆ, ಅಲ್ಲಿಯದೇ ಐಸ್‌ಕ್ರೀಮ್ ಅಂಗಡಿ ಇದೆ. 1986ರಲ್ಲಿ ಜಿಮ್ ಕಾಲ್‌ಹೂನ್ ಬಂದಾಗ ಮೊದಲ ಸೀಸನ್ನಿನಲ್ಲಿ ಗೆದ್ದದ್ದು 9, ಸೋತದ್ದು 19. ಅಲ್ಲಿಂದ 1999ರ ಫೈನಲ್‌ನಲ್ಲಿ ಡ್ಯೂಕ್ ತಂಡವನ್ನೇ 77–74ರಲ್ಲಿ ಸೋಲಿಸಿದರು. 2004, 2011 ಕೂಡ ಅವರವೇ. ಆಮೇಲೆ ಕೆಟ್ಟ ವರ್ಷ ಬಂತು. ಹುಡುಗರ ಓದಿನ ಅಂಕ ಕಮ್ಮಿಯಾಯಿತು ಅಂತ 2013ರಲ್ಲಿ ಟೂರ್ನಮೆಂಟಿಗೇ ಸೇರಿಸಲಿಲ್ಲ. ಮರುವರ್ಷವೇ ಹೊಸ ಕೋಚ್ ಕೆವಿನ್ ಓಲಿ ಕೆಳಗೆ ಏಳನೇ ಸೀಡಾಗಿ ಬಂದು ಕಪ್ ಎತ್ತಿಕೊಂಡು ಹೋದರು. ಮತ್ತೆ ಬಿದ್ದರು. 2017ರಿಂದ ಕೆಲವು ವರ್ಷ ಟೂರ್ನಮೆಂಟಿನ ಬಾಗಿಲು ಕಾಣಲಿಲ್ಲ. ಮೂರನೆಯವರಾಗಿ ಡ್ಯಾನ್ ಹರ್ಲಿ ಬಂದರು. 2023 ಮತ್ತು 2024, ಎರಡು ವರ್ಷ ಸಾಲಾಗಿ ಪ್ರಶಸ್ತಿ. ಆ ಎರಡು ಟೂರ್ನಮೆಂಟ್‌ಗಳ ಹನ್ನೆರಡು ಆಟದಲ್ಲಿ ಒಂದನ್ನೂ ಹತ್ತು ಪಾಯಿಂಟ್‌ಗಿಂತ ಕಡಿಮೆ ಅಂತರದಲ್ಲಿ ಗೆಲ್ಲಲಿಲ್ಲ. ಮೂರು ಭಾಗವತರು, ಒಂದೇ ಮೇಳ. ಹೆಂಗಸರ ತಂಡಕ್ಕೆ 12 ಪ್ರಶಸ್ತಿ ಬೇರೆ ಇವೆ. 2004 ಮತ್ತು 2014ರಲ್ಲಿ ಒಂದೇ ವಾರದಲ್ಲಿ ಗಂಡಸರದ್ದೂ ಹೆಂಗಸರದ್ದೂ ಎರಡೂ ಕಪ್ ಅದೇ ಹಳ್ಳಿಗೆ ಹೋದವು. ಇನ್ನೇನು ಬೇಕು?

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಯುಕಾನ್ ಸೋತರೆ ಪಕ್ಕದ ಊರಿನಲ್ಲಿ ಯಾರೂ ಬೀದಿಗೆ ಇಳಿಯುವುದಿಲ್ಲ. ಡ್ಯೂಕ್ ಸೋತರೆ ಇಳಿಯುತ್ತಾರೆ. ಚ್ಯಾಪಲ್ ಹಿಲ್‌ನ ಫ್ರ್ಯಾಂಕ್ಲಿನ್ ಬೀದಿಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಸಾವಿರಾರು ಹುಡುಗರು ಓಡಿ ಬಂದು ನಡುರಸ್ತೆಯಲ್ಲಿ ಬೆಂಕಿ ಹಾಕಿ, ಅದನ್ನು ಹಾರಿ ದಾಟುತ್ತಾರೆ. ಪೊಲೀಸರು ಸುಮ್ನೆ ನಿಂತು ನೋಡುತ್ತಾರೆ. ನಮ್ಮ ಕಡೆ ಹೋಳಿ ಹಬ್ಬಕ್ಕೆ ಕಾಮನನ್ನು ಸುಟ್ಟ ಹಾಗೆ. ಇಷ್ಟು ಜನ ಇಷ್ಟು ಪ್ರೀತಿಯಿಂದ ದ್ವೇಷಿಸಬೇಕಾದರೆ ಆ ಹೆಸರಿಗೆ ತೂಕ ಇರಲೇಬೇಕು ಅಲ್ವಾ?

ಡ್ಯೂಕ್‌ನ ಆಟದ ಮನೆ ಕ್ಯಾಮರನ್ ಒಳಾಂಗಣ. 1940ರ ಕಲ್ಲುಕಟ್ಟಡ, ಹಿಡಿಸುವುದು 9,314 ಜನ ಮಾತ್ರ. ಒಂದು ನವೆಂಬರ್‌ನಲ್ಲಿ, ಸಣ್ಣ ತಂಡವೊಂದರ ಜೊತೆ ಆಟ ಇದ್ದಾಗ ನನಗೆ ಟಿಕೆಟ್ ಸಿಕ್ಕಿತ್ತು. ಒಳಗೆ ಹೋದರೆ ಜಾತ್ರೆಯ ರಥದ ಹಗ್ಗದ ಹತ್ತಿರ ನಿಂತ ಹಾಗೆ. ವಿದ್ಯಾರ್ಥಿಗಳಿಗೆ ಅಂಗಳದ ಗೆರೆಗೆ ತಾಗಿಕೊಂಡೇ ಜಾಗ. ಮುಖಕ್ಕೆಲ್ಲ ಕಡುನೀಲಿ ಬಣ್ಣ. ಎದುರು ತಂಡದ ಹುಡುಗ ಚೆಂಡು ಎಸೆಯಲು ಗೆರೆಯ ಆಚೆ ನಿಂತರೆ ಅವನ ಬೆನ್ನಿಗೆ ಒಂದು ಗೇಣು ದೂರದಲ್ಲಿ ನೂರು ಕೈಗಳು ಬೆರಳಾಡಿಸುತ್ತಿರುತ್ತವೆ. ಯಾರೂ ಮುಟ್ಟುವುದಿಲ್ಲ. ಆದರೆ ಆ ಹುಡುಗನ ಕತ್ತಿನ ಹಿಂದಿನ ಬೆವರು ನನಗೆ ಕಾಣುತ್ತಿತ್ತು. ಚ್ಯಾಪಲ್ ಹಿಲ್ ಜೊತೆಗಿನ ಆಟಕ್ಕಾದರೆ ಈ ಮಕ್ಕಳು ವಾರಗಟ್ಟಲೆ ಹೊರಗೆ ಹುಲ್ಲಿನ ಮೇಲೆ ಡೇರೆ ಹಾಕಿ ಚಳಿಯಲ್ಲಿ ಮಲಗುತ್ತಾರೆ. ಒಂದು ಡೇರೆಗೆ ಹನ್ನೆರಡು ಜನರವರೆಗೆ, ಸರದಿ ಕಾವಲು. ಹೇಳದೆ ಕೇಳದೆ ತಪಾಸಣೆಗೆ ಬಂದಾಗ ಡೇರೆಯಲ್ಲಿ ಜನ ಇಲ್ಲದಿದ್ದರೆ ಸರದಿಯೇ ಹೋಗಬಹುದು. ಕಟೀಲು ಮೇಳದ ಹರಕೆ ಆಟಕ್ಕೆ ನಮ್ಮಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ನಮ್ಮ ಅಜ್ಜ ಹೇಳಿಕೊಂಡ ಆಟ ಆಗುವಾಗ ನಾನು ಅಮೆರಿಕಕ್ಕೆ ಬಂದಾಗಿತ್ತು. ಆದರೆ ಚಳಿಯಲ್ಲಿ ಮಲಗಿ ಕಾಯಬೇಕಾಗಿರಲಿಲ್ಲ!

ಹಾಗಾದರೆ ಡ್ಯೂಕ್ ಯಾಕೆ ಎರಡನೆಯದು? ಅದರ ಐದೂ ಪ್ರಶಸ್ತಿ ಒಬ್ಬರೇ ಗೆದ್ದದ್ದು. ಮೈಕ್ ಶಶೆವ್‌ಸ್ಕಿ, ಎಲ್ಲರ ಬಾಯಲ್ಲಿ 'ಕೋಚ್ ಕೆ'. 1980ರಿಂದ 2022ರವರೆಗೆ 42 ವರ್ಷ. ಕೆಟ್ಟ ವರ್ಷ ಡ್ಯೂಕ್‌ಗೂ ಬಂದಿತ್ತು. ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ 1995ರಲ್ಲಿ ಅವರು ಸೀಸನ್ನಿನ ನಡುವೆಯೇ ಮನೆಯಲ್ಲಿ ಕೂರಬೇಕಾಯಿತು, ಆ ಸೀಸನ್ನಿನಲ್ಲಿ ತಂಡ ಒಟ್ಟು 13 ಗೆದ್ದು 18 ಸೋತಿತು. ಎತ್ತಲು ಅವರೇ ಮರಳಿ ಬರಬೇಕಾಯಿತು. ಈಗಿನ ಕೋಚ್ ಜಾನ್ ಶೈಯರ್ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. 2025ರಲ್ಲಿ ಫೈನಲ್ ಫೋರ್, ಅಂದರೆ ಸೆಮಿಫೈನಲ್‌ವರೆಗೆ ಕರೆದೊಯ್ದರು. ಅಲ್ಲಿ ಹ್ಯೂಸ್ಟನ್ ಎದುರು ಕೊನೆಯ ಒಂದು ನಿಮಿಷದೊಳಗೆ 6 ಪಾಯಿಂಟ್ ಮುನ್ನಡೆ ಕೈಬಿಟ್ಟು 70–67ರಲ್ಲಿ ಸೋತರು. ಹೊಸ ಭಾಗವತರ ಪದ್ಯ ಚೆನ್ನಾಗಿಯೇ ಇದೆ. ಮಂಗಳ ಹಾಡುವವರೆಗೆ ಆಟ ಮುಗಿಯುವುದಿಲ್ಲ, ಅಷ್ಟೇ.

ಮೂರನೆಯದು ನನ್ನ ಅಂಗಿಯ ಬಣ್ಣದವರು. ಮನಸ್ಸು ಕೇಳಿದರೆ ಇವರನ್ನೇ ಮೊದಲು ಹಾಕುತ್ತಿದ್ದೆ. 2002ರಲ್ಲಿ ನಾರ್ತ್ ಕೆರೊಲೈನಾ 8 ಗೆದ್ದು 20 ಸೋತಿತ್ತು. ಆಗ ಕಾನ್ಸಸ್‌ನಲ್ಲಿ ಹದಿನೈದು ವರ್ಷ ಮೇಳ ನಡೆಸಿದ್ದ ರಾಯ್ ವಿಲಿಯಮ್ಸ್ ಅವರನ್ನು 2003ರಲ್ಲಿ ಮನೆಗೆ ಕರೆಸಿಕೊಂಡರು. ಎರಡೇ ವರ್ಷದಲ್ಲಿ, 2005ಕ್ಕೆ, ಪ್ರಶಸ್ತಿ. ಆಮೇಲೆ 2009, 2017. ಅವರಿಗೆ ಕಲಿಸಿದ ಗುರು ಇದೇ ನಾರ್ತ್ ಕೆರೊಲೈನಾದ ಹಳೆಯ ಕೋಚ್ ಡೀನ್ ಸ್ಮಿತ್. ಆ ಮನುಷ್ಯನ ಒಂದು ಕೆಲಸ ನನಗೆ ಯಾವ ಕಪ್‌ಗಿಂತಲೂ ದೊಡ್ಡದು. 2015ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ತಮ್ಮ ಹಳೆಯ ಆಟಗಾರರಿಗೆಲ್ಲ ತಲಾ 200 ಡಾಲರ್ ಬರೆದಿಟ್ಟಿದ್ದರು, ಕೋಚ್ ಲೆಕ್ಕದಲ್ಲಿ ಹೊರಗೆ ಒಂದು ಊಟ ಮಾಡಿ ಅಂತ. ಮೈಕಲ್ ಜೋರ್ಡನ್ ಅವರಿಗೂ ಅಷ್ಟೇ, ಬೆಂಚಿನಲ್ಲಿ ಕೂತವನಿಗೂ ಅಷ್ಟೇ.

ಆದರೆ ಅದೇ ಕ್ಯಾಂಪಸ್ಸಿನಲ್ಲಿ ಹದಿನೆಂಟು ವರ್ಷ ಬರೀ ಕಾಗದದ ಮೇಲಿನ ತರಗತಿಗಳು ನಡೆದವು ಅಂತ 2014ರ ತನಿಖೆಯಲ್ಲಿ ಹೊರಬಂತು. ಪಾಠ ಇಲ್ಲ, ಮೇಷ್ಟ್ರಿಲ್ಲ, ಕೊನೆಗೊಂದು ಪ್ರಬಂಧ ಕೊಟ್ಟರೆ ಒಳ್ಳೆ ಗ್ರೇಡ್. ಸುಮಾರು 3,100 ವಿದ್ಯಾರ್ಥಿಗಳು ಅದರಲ್ಲಿದ್ದರು, ಹೆಚ್ಚುಕಡಿಮೆ ಅರ್ಧದಷ್ಟು ಕ್ರೀಡಾಪಟುಗಳು. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ 2017ರಲ್ಲಿ ಇದಕ್ಕೆ ದೊಡ್ಡ ಶಿಕ್ಷೆಯನ್ನೇನೂ ಕೊಡಲಿಲ್ಲ. ಒಂದೊಂದು ಅಂಕಕ್ಕೆ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ ಕೂತ ಊರಿನಿಂದ ಬಂದವನು ನಾನು. ಇದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ತೊಳೆದ ಮುತ್ತು ಇಲ್ಲಿ ಯಾರೂ ಅಲ್ಲ ಅನ್ನುವುದೂ ನಿಜ. ಯುಕಾನ್ ಕಥೆ ಆಗಲೇ ಹೇಳಿದೆ. ಲೂಯಿವಿಲ್ ತಂಡದ 2013ರ ಪ್ರಶಸ್ತಿಯನ್ನೇ ದಾಖಲೆಯಿಂದ ಅಳಿಸಿದ್ದಾರೆ. ಆದರೂ ಯುಕಾನ್ ಶಿಕ್ಷೆ ಅನುಭವಿಸಿತು, ಇವರು ಅನುಭವಿಸಲಿಲ್ಲ. ಅದಕ್ಕೇ ಮೂರು.

ನಾಲ್ಕು, ಕಾನ್ಸಸ್. 1891ರಲ್ಲಿ ಈ ಆಟವನ್ನೇ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಇಲ್ಲಿಯ ಮೊದಲ ಕೋಚ್. ತಮಾಷೆ ಏನು ಗೊತ್ತಾ? ಈ ತಂಡದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವ ಕೋಚ್ ಅವರೊಬ್ಬರೇ: 55 ಗೆಲುವು, 60 ಸೋಲು. 1988ರಲ್ಲಿ ಪ್ರಶಸ್ತಿ ಗೆದ್ದ ಕಾನ್ಸಸ್, ನಿಯಮ ಮುರಿದದ್ದಕ್ಕೆ 1989ರ ಟೂರ್ನಮೆಂಟಿನಿಂದ ಹೊರಗೆ ಕೂತಿತು. ರಾಯ್ ವಿಲಿಯಮ್ಸ್ ಬಿಟ್ಟು ಹೋದಾಗ ಮೇಳ ಮುಗಿಯಿತು ಅಂದುಕೊಂಡವರಿದ್ದರು. ಬಿಲ್ ಸೆಲ್ಫ್ ಬಂದು ಲೀಗಿನಲ್ಲಿ ಸತತ 14 ವರ್ಷ ಮೊದಲ ಸ್ಥಾನ ಹಿಡಿದರು. 2008ರ ಸೆಮಿಫೈನಲ್‌ನಲ್ಲಿ ಅದೇ ರಾಯ್ ಅವರ ನಾರ್ತ್ ಕೆರೊಲೈನಾ ತಂಡವನ್ನು 84–66ರಲ್ಲಿ ಮಣ್ಣು ಮುಕ್ಕಿಸಿ, ಆಮೇಲೆ ಕಪ್ ಗೆದ್ದರು. ಬಿಟ್ಟು ಹೋದ ಭಾಗವತರ ಎದುರೇ, ಎರಡು ಮೇಳ ಪೈಪೋಟಿಗೆ ಆಡುವ ಜೋಡಾಟದಲ್ಲಿ ಗೆದ್ದ ಹಾಗೆ.

ಐದನೆಯದು ಕೆಂಟಕಿ. ಒಟ್ಟು 8 ಪ್ರಶಸ್ತಿಗಳಲ್ಲಿ ನಮ್ಮ ಗೆರೆಯ ಈಚೆಗೆ 3, ಮೂರೂ ಬೇರೆ ಬೇರೆ ಕೋಚ್‌ಗಳದ್ದು. ನನ್ನ ಅಳತೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ 2012ರ ನಂತರದ ಬರ ಉದ್ದವಾಯಿತು. 2022ರಲ್ಲಿ ಸೇಂಟ್ ಪೀಟರ್ಸ್, 2024ರಲ್ಲಿ ಓಕ್ಲಂಡ್, ಹೀಗೆ ಯಾರಿಗೂ ಹೆಸರು ಗೊತ್ತಿರದ ತಂಡಗಳ ಕೈಯಲ್ಲಿ ಮೊದಲ ಸುತ್ತಿನಲ್ಲೇ ಸೋತರು. ಆದರೂ 2024ರಲ್ಲಿ ಹೊಸ ಕೋಚ್ ಮಾರ್ಕ್ ಪೋಪ್ ಅವರ ಪರಿಚಯದ ಕಾರ್ಯಕ್ರಮಕ್ಕೇ ಅವರ ಆಟದ ಮನೆ ರಪ್ ಅರೀನಾ ತುಂಬಿತ್ತು. ಆಟ ಇಲ್ಲ, ಬರೀ ಭಾಷಣ!

ಉಳಿದವರು ಬೇಗ ಬೇಗ. ವಿಲನೋವಾ, ಕೋಚ್ ಜೇ ರೈಟ್ ನಿವೃತ್ತರಾದ ಮೇಲೆ, ಮೂರು ವರ್ಷ ಟೂರ್ನಮೆಂಟಿಗೇ ಬರಲಿಲ್ಲ. ಫ್ಲೋರಿಡಾ ಇಬ್ಬರು ಕೋಚ್‌ಗಳ ಕೈಯಲ್ಲಿ ಗೆದ್ದಿದೆ, ಆದರೆ ಅಲ್ಲಿ ದೊಡ್ಡ ದೇವರು ಫುಟ್‌ಬಾಲ್. ಮಿಷಿಗನ್ ಸ್ಟೇಟ್ ತಂಡದ ಕೋಚ್ ಟಾಮ್ ಇಜ್ಜೋ 1998ರಿಂದ ಒಂದು ಟೂರ್ನಮೆಂಟೂ ತಪ್ಪಿಸಿಲ್ಲ. ಹಾಗಾಗಿ ಅವರನ್ನು ಅಳೆಯಲು ನನಗೆ ಕೆಟ್ಟ ವರ್ಷವೇ ಸಿಗುತ್ತಿಲ್ಲ.

ಈ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದು ಆಫೀಸಿನಲ್ಲಿ ತೋರಿಸಿದೆ. ಮೊದಲ ವಾರ ನನ್ನ ಅಂಗಿ ನೋಡಿ ಮಾತಾಡಿಸಿದ್ದವರೇ ಓದಿದರು. ಅವರು ಕಡುನೀಲಿ ಕಡೆಯವರು. ಯುಕಾನ್ ಹೆಸರು ನೋಡಿ ಹುಬ್ಬು ಗಂಟಿಕ್ಕಿದರು. ಆಮೇಲೆ ಎರಡು ಮತ್ತು ಮೂರರ ಮೇಲೆ ಬೆರಳಿಟ್ಟು, "ನಿಮ್ಮವರಿಗಿಂತ ನಾವು ಮೇಲೆ. ಇದಕ್ಕೆ ಸಹಿ ಹಾಕಿ ಕೊಡು" ಎಂದರು. ಹಾಕಿ ಕೊಟ್ಟೆ. ಈಗ ಅದು ಅವರ ಮೇಜಿನ ಮೇಲೆ ಫ್ರೇಮಿನಲ್ಲಿದೆ. ಮೊದಲ ಸಾಲನ್ನು ಮಾತ್ರ ಮಡಚಿ ಒಳಗೆ ಸೇರಿಸಿದ್ದಾರೆ.