ಪೆಟ್ಟು ತಿಂದ ತಲೆಯಲ್ಲಿ ಬೆಳೆಯುವುದು ಏನು?

ಎರಡು ಏಟು ಬಿದ್ದರೆ ಪಾಠ ತಲೆಗೆ ಹತ್ತುತ್ತದೆ ಅನ್ನುವವರು ಈಗಲೂ ತುಂಬಾ ಜನ ಇದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏನೋ ಒಂದು ಹತ್ತುವುದು ನಿಜ, ಆದರೆ ಅದು ಪಾಠವಲ್ಲ.

ನೆನಪು ಅಂದರೆ ನರಕೋಶಗಳ ನಡುವಿನ ಕೊಂಡಿಗಳೇ ಬದಲಾಗುವುದು. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಇದನ್ನು ಅಪ್ಲೀಸಿಯಾ ಎಂಬ ಕಡಲ ಬಸವನಹುಳುವಿನಲ್ಲಿ ತೋರಿಸಿದರು, ಅದಕ್ಕೆ ಇರುವುದೇ ಸುಮಾರು 20,000 ನರಕೋಶ. ಬಾಲಕ್ಕೆ ಒಮ್ಮೆ ಶಾಕ್ ಕೊಟ್ಟರೆ ಇದ್ದ ಕೊಂಡಿಯೇ ಸ್ವಲ್ಪ ಹೊತ್ತು ಚುರುಕಾಗುತ್ತದೆ, ಅಷ್ಟೇ. ಮತ್ತೆ ಮತ್ತೆ ಕೊಟ್ಟರೆ ಕೋಶದ ಜೀನ್‌ಗಳು ಕೆಲಸಕ್ಕೆ ಇಳಿದು, ಹೊಸ ಪ್ರೋಟೀನ್ ತಯಾರಾಗಿ, ಹೊಸ ಕೊಂಡಿಗಳೇ ಬೆಳೆಯುತ್ತವೆ. 2000ರಲ್ಲಿ ಅವರಿಗೆ ನೊಬೆಲ್ ಬಂತು.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದ್ದು ನಮ್ಮ ಬೆಂಗಳೂರಿನಲ್ಲೇ, ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳ ಮೇಲೆ ಮಾಡಿದ ಕೆಲಸ. ಇಲಿಗಳನ್ನು ದಿನಾ 2 ಗಂಟೆ ಅಲುಗಾಡದಂತೆ ಹಿಡಿದಿಟ್ಟರು, ಹೀಗೆ 10 ದಿನ. ಹೊಸದನ್ನು ಕಲಿಯಲು ಬೇಕಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗದಲ್ಲಿ ನರಕೋಶದ ಕವಲುಗಳು ಕುಗ್ಗಿದವು. ಭಯಕ್ಕೆ ಸಂಬಂಧಪಟ್ಟ ಇನ್ನೊಂದು ಭಾಗ ಅಮಿಗ್ಡಾಲದಲ್ಲಿ ಅದೇ ಕವಲುಗಳು ಇನ್ನಷ್ಟು ಹರಡಿಕೊಂಡವು! ಆಮೇಲೆ 21 ದಿನ ಇಲಿಗಳನ್ನು ಅವುಗಳ ಪಾಡಿಗೆ ಬಿಟ್ಟರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಾಲದಲ್ಲಿ ಬೆಳೆದದ್ದು ಹಾಗೇ ಉಳಿಯಿತು, ಇಲಿಗಳ ಆತಂಕವೂ ಉಳಿಯಿತು.

2005ರಲ್ಲಿ ಬಂದ ಇದೇ ತಂಡದ ಇನ್ನೊಂದು ಪ್ರಬಂಧವಂತೂ ಎಲ್ಲ ಮೇಷ್ಟ್ರುಗಳೂ, ಅಪ್ಪ ಅಮ್ಮಂದಿರೂ ತಿಳಿದಿರಬೇಕಾದದ್ದು. ಈ ಸಲ ಹಿಡಿದಿಟ್ಟದ್ದು ಒಂದೇ ಒಂದು ಸಲ, 2 ಗಂಟೆ. ಮರುದಿನ ನೋಡಿದರೆ ಏನೂ ಬದಲಾವಣೆ ಇಲ್ಲ. 10 ದಿನ ಬಿಟ್ಟು ನೋಡಿದರೆ ಅಮಿಗ್ಡಾಲದಲ್ಲಿ ಕೊಂಡಿ ಕೂಡುವ ಪುಟ್ಟ ಮುಳ್ಳುಗಳು ಜಾಸ್ತಿಯಾಗಿದ್ದವು, ಇಲಿಗಳ ಆತಂಕವೂ ಹೆಚ್ಚಿತ್ತು.

ಇಲಿ ಬೇರೆ, ಮಗು ಬೇರೆ, ಸರಿ. ಇಲಿಯ ಲೆಕ್ಕವನ್ನು ಹಾಗೇ ತಂದು ಮಗುವಿನ ಮೇಲೆ ಹೇರಲು ಆಗುವುದಿಲ್ಲ. ಆದರೆ "ನೋಡಿ, ನಿನ್ನೆ ಹೊಡೆದೆ, ಇವತ್ತು ಆಡ್ತಾ ಇದ್ದಾನೆ, ಮರೆತೇಬಿಟ್ಟ" ಅಂತ ಸಮಾಧಾನ ಮಾಡಿಕೊಳ್ಳುತ್ತೇವಲ್ಲ, ಅದಕ್ಕೆ ಆಧಾರ ಏನಿದೆ ಹೇಳಿ? ಮರುದಿನದ ನಗು ನೋಡಿ ಒಳಗೆ ಏನೂ ಆಗಿಲ್ಲ ಅಂತ ತೀರ್ಮಾನ ಮಾಡುವ ಧೈರ್ಯ ನನಗಂತೂ ಇಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ "ನಾಲ್ಕು ಬಿಡಿ ಸಾರ್, ನಮ್ಮದೇನೂ ಅಭ್ಯಂತರ ಇಲ್ಲ" ಅಂತ ಯಾರಾದರೂ ಅಂದರೆ, ದಯವಿಟ್ಟು ಸುಮ್ನೆ ಕೂರಬೇಡಿ, ಎದ್ದು ಮಾತಾಡಿ.