ಬ್ಯಾಗ್‌ಪೈಪಿಗೆ ನಿಷೇಧವಿತ್ತೇ? ಒಂದು ಸ್ಪಷ್ಟನೆ

ಜನವರಿ 25 ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಆ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಫ್ರೀಮೇಸನ್ ಎಂಬ ಸೋದರ ಸಂಘದ ಶಾಖೆಗಳಾದ ಲಾಡ್ಜ್‌ಗಳಲ್ಲಿ ಬರ್ನ್ಸ್ ಔತಣ ನಡೆಯುತ್ತದೆ. 1781ರಲ್ಲಿ ಟಾರ್ಬೋಲ್ಟನ್ನಿನ ಲಾಡ್ಜ್ ಸೇರಿದ ಬರ್ನ್ಸ್ ಈ ಸಂಘದವರಿಗೆ ತಮ್ಮವನೇ. ಹ್ಯಾಗಿಸ್ ಎಂಬ ಮಾಂಸದ ತಿನಿಸಿನ ತಟ್ಟೆ ಒಳಗೆ ಬರುವಾಗ ಮುಂದೆ ಗಾಳಿ ತುಂಬಿದ ಚೀಲದ ವಾದ್ಯವಾದ ಬ್ಯಾಗ್‌ಪೈಪ್ ನುಡಿಸುತ್ತಾ ಒಬ್ಬರು ನಡೆಯುತ್ತಾರೆ. ಕೂತವರೆಲ್ಲ ಎದ್ದು ತಾಳಕ್ಕೆ ಚಪ್ಪಾಳೆ ತಟ್ಟುತ್ತಾರೆ. ಹೆಗಲ ಮೇಲಿನ ಮೂರು ಕೊಳವೆಗಳು ಬಿಡದೆ ಶ್ರುತಿ ಹಿಡಿದಿರುತ್ತವೆ, ಬೆರಳಾಡುವ ಕೊಳವೆಯಲ್ಲಿ ಒಂಬತ್ತೇ ಸ್ವರ. ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಇದರ ಜೊತೆಗೆ ಒಂದು ಮಾತು ಹರಿದಾಡುತ್ತಿದೆ: 1746ರಲ್ಲಿ ಸರ್ಕಾರ ಬ್ಯಾಗ್‌ಪೈಪನ್ನೇ ನಿಷೇಧಿಸಿತ್ತು, ಲಾಡ್ಜ್‌ನವರು ಬಾಗಿಲು ಹಾಕಿಕೊಂಡು ಗುಟ್ಟಾಗಿ ನುಡಿಸಿ ಉಳಿಸಿದರು ಎಂದು. ಇದು ನಿಜವಲ್ಲ.

ರಾಜನ ವಿರುದ್ಧ ಬಂಡಾಯವೆದ್ದವರು ಸರ್ಕಾರದ ಸೈನ್ಯಕ್ಕೆ ಸೋತ ಕಲೋಡನ್ ಕಾಳಗದ ನಂತರ ಬಂದ ಆ ಕಾಯ್ದೆ ತಡೆದದ್ದು ಆಯುಧಗಳನ್ನು ಮತ್ತು ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡಿನ ಉಡುಪನ್ನು. ಅದರಲ್ಲಿ ಬ್ಯಾಗ್‌ಪೈಪಿನ ಹೆಸರೇ ಇಲ್ಲ. ಗೊಂದಲಕ್ಕೆ ಕಾರಣ ಜೇಮ್ಸ್ ರೀಡ್ ಎಂಬ ವಾದಕನ ಮೊಕದ್ದಮೆ ಇರಬೇಕು. ಬಂಡಾಯ ಪಡೆಯಲ್ಲಿದ್ದ ಅವನು ತಾನು ಆಯುಧ ಹಿಡಿದಿರಲಿಲ್ಲ ಎಂದು ಬೇಡಿಕೊಂಡ. ಹೈಲ್ಯಾಂಡ್ ಪಡೆ ಪೈಪ್ ಇಲ್ಲದೆ ಹೊರಡುವುದೇ ಇಲ್ಲ, ಹಾಗಾಗಿ ಅದೂ ಯುದ್ಧದ ಸಾಧನವೇ ಎಂದಿತು ನ್ಯಾಯಾಲಯ. 1746ರಲ್ಲೇ ಯಾರ್ಕ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ನೆನೆದರೆ ಸಂಕಟವಾಗುತ್ತದೆ. ಆದರೆ ಅವನ ಮೇಲಿದ್ದ ಆರೋಪ ರಾಜದ್ರೋಹದ್ದು, ವಾದನದ್ದಲ್ಲ.

ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ದಳಗಳಲ್ಲೇ ಪೈಪ್ ವಾದಕರಿದ್ದರು. ಉಡುಪಿನ ನಿಷೇಧ ರದ್ದಾದದ್ದು 1782ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಫಾಲ್ಕರ್ಕ್‌ನಲ್ಲಿ ಬ್ಯಾಗ್‌ಪೈಪ್ ಸ್ಪರ್ಧೆಯನ್ನು ಎಲ್ಲರೆದುರು ನಡೆಸಿತ್ತು.