ಬಿಡಿಸಿ ತಂದ ಪರ್ಷಿಯನ್ ಬೆಕ್ಕಿಗೆ ದುಡ್ಡು ಕೇಳಬೇಕಾ?

ಬೆಂಗಳೂರಿನ ಫ್ಲ್ಯಾಟಿನಲ್ಲಿ ಯಾರೋ ಇಪ್ಪತ್ತು ಮೂವತ್ತು ಪರ್ಷಿಯನ್ ಬೆಕ್ಕುಗಳನ್ನು ಕೂಡಿಹಾಕಿಕೊಂಡಿರುತ್ತಾರೆ. ನಾತ ತಡೆಯಲಾರದೆ ಅಕ್ಕಪಕ್ಕದವರು ದೂರುತ್ತಾರೆ. ಬೆಕ್ಕುಗಳನ್ನು ಬಿಡಿಸಿ ತಂದ ಮೇಲೆ ಅವಕ್ಕೆ ಮನೆ ಹುಡುಕಬೇಕು. ಆಗ ಜಗಳ ಶುರುವಾಗುವುದೇ ಇಲ್ಲಿಂದ: ತೆಗೆದುಕೊಂಡು ಹೋಗುವವರ ಹತ್ತಿರ ದುಡ್ಡು ಕೇಳಬೇಕೋ, ಸುಮ್ನೆ ಕೊಟ್ಟುಬಿಡಬೇಕೋ?

ಪರ: ಕೇಳಲೇಬೇಕು

‘ಪರ್ಷಿಯನ್ ಬೆಕ್ಕು, ಉಚಿತ’ ಎಂದು ವಾಟ್ಸಾಪ್‌ನಲ್ಲಿ ಒಂದು ಸಲ ಹಾಕಿ ನೋಡಿ. ಅರ್ಧ ಗಂಟೆಯೊಳಗೆ ಫೋನ್ ಮೇಲೆ ಫೋನ್. ‘ಹೆಣ್ಣಾ? ಮರಿಯಾಗದ ಹಾಗೆ ಆಪರೇಷನ್ ಆಗಿಲ್ಲ ತಾನೆ?’ ಎಂದು ಕೇಳುವವರು ಅದರಲ್ಲಿ ಇದ್ದೇ ಇರುತ್ತಾರೆ. ಮುದ್ದಿಗೆ ಬೆಕ್ಕು ಸಾಕುವವರು ಹಾಗೆ ಕೇಳುವುದಿಲ್ಲ. ಮರಿ ಹಾಕಿಸಿ ಮಾರುವವರು ಕೇಳುತ್ತಾರೆ. ಉಳಿದವರದು ‘ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಲೆಕ್ಕ.

ಕಾನೂನು ತಡೆಯುತ್ತದೆ ಅಂತೀರಾ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇವತ್ತು ಅಷ್ಟಕ್ಕೆ ಒಂದು ಮಸಾಲೆ ದೋಸೆ ಬರುವುದೂ ಕಷ್ಟ. ತಳಿ ಬೆಳೆಸಿ ಮಾರುವವರಿಗೆ 2017ರಲ್ಲಿ ನಿಯಮ ಬಂತು, ನಿಜ. ಆದರೆ ಆ ನಿಯಮ ನಾಯಿಗಷ್ಟೇ.

ಇನ್ನು ಖರ್ಚು. ಇಂಥ ಮನೆಯಿಂದ ಬಂದ ಪರ್ಷಿಯನ್ ಬೆಕ್ಕಿನ ಕೂದಲು ಜಡೆಗಟ್ಟಿ ಚರ್ಮವನ್ನೇ ಎಳೆಯುತ್ತಿರುತ್ತದೆ. ಬಾಚಲು ಬರುವುದಿಲ್ಲ, ಅರಿವಳಿಕೆ ಕೊಟ್ಟು ಬೋಳಿಸಬೇಕು. ಅಡಿಯಲ್ಲಿ ಹುಳುಕಡ್ಡಿ. ಅದು ವಾರಗಟ್ಟಲೆ ಔಷಧಿ ಕೇಳುತ್ತದೆ, ಸಾಕುವವರ ಕೈಗೂ ಅಂಟುತ್ತದೆ. ಆಮೇಲೆ ಲಸಿಕೆ, ಆಪರೇಷನ್. ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? ತಳಿ ಬೆಕ್ಕಿಗೆ ಕೈ ಬಿಚ್ಚುವವರು ಇದ್ದಾರೆ. ಆ ದುಡ್ಡಿನಲ್ಲಿ, ಯಾರೂ ಕೇಳದ ನಮ್ಮ ನಾಟಿ ಬೆಕ್ಕುಗಳ ಆಪರೇಷನ್ನೂ ಆಗುತ್ತದೆ.

ವಿರೋಧ: ದುಡ್ಡು ಬೇಡ, ಮನೆ ನೋಡಿ

ಖರ್ಚಿನ ಮಾತು ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ದಾನ ಕೇಳುತ್ತೇನೆ, ಕೆಲವು ತಿಂಗಳು ಕೈಯಿಂದಲೇ ಹಾಕುತ್ತೇನೆ.

ಆದರೆ ಬೆಲೆ ಇಟ್ಟರೆ ಮರಿ ಮಾರುವವರು ದೂರ ಹೋಗುತ್ತಾರೆ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಅಂಗಡಿಯಲ್ಲಿ ಪರ್ಷಿಯನ್ ಮರಿಗೆ ಸಾವಿರಗಟ್ಟಲೆ ಇದೆ. ನೀವು ಎರಡು ಸಾವಿರ ಕೇಳಿದರೆ ಅವರಿಗೆ ಅದು ಬಂಡವಾಳ, ಖುಷಿಯಾಗಿ ಕೊಡುತ್ತಾರೆ. ಅಂಗಡಿ ಬೆಲೆಯನ್ನೇ ಕೇಳಿದರೆ ನಾವೇ ಅಂಗಡಿಯಾದೆವು. ಅವರನ್ನು ತಡೆಯುವುದು ಆಪರೇಷನ್. ಅದು ಮುಗಿದ ಬೆಕ್ಕೇ ನಮ್ಮ ಬಾಗಿಲು ದಾಟಬೇಕು. ಚಿಕ್ಕ ಮರಿಯಾದರೆ ಆಪರೇಷನ್ನಿಗೆ ಬೆಳೆಯುವವರೆಗೂ ನಮ್ಮಲ್ಲೇ ಇರಲಿ. ಇಷ್ಟು ಮಾಡಿದ ಮೇಲೆ ಬೆಲೆಗೆ ಏನು ಕೆಲಸ ಉಳಿಯಿತು?

ನನಗೆ ಜಾಸ್ತಿ ಭಯ ಇರುವುದು ಇನ್ನೊಂದರ ಬಗ್ಗೆ. ದುಡ್ಡು ಕೊಟ್ಟವರು ಗಿರಾಕಿಗಳಾಗುತ್ತಾರೆ. ಕೂಡಿಹಾಕಿದ ಮನೆಯ ಬೆಕ್ಕು ಫೋಟೋದಲ್ಲಿರುವ ಹಾಗೆ ಮಡಿಲಲ್ಲಿ ಕೂರುವುದಿಲ್ಲ. ನಾನು ಸಾಕುತ್ತಿದ್ದ ಒಂದು ಬೂದು ಹೆಣ್ಣು ಬೆಕ್ಕನ್ನು ಹೀಗೇ ದುಡ್ಡು ತೆಗೆದುಕೊಂಡು ಕೊಟ್ಟಿದ್ದೆವು. ನಾಲ್ಕೇ ದಿನಕ್ಕೆ ವಾಪಸ್ ಬಂತು. ‘ಮಂಚದ ಕೆಳಗಿಂದ ಬರೋದೇ ಇಲ್ಲ ಕಣ್ರೀ, ಇಷ್ಟು ಕೊಟ್ಟು ಏನು ಪ್ರಯೋಜನ?’ ಎಂದರು. ನನ್ನ ಮನೆಯಲ್ಲಿ ಅದು ಮಂಚದ ಕೆಳಗಿಂದ ಹೊರಬರಲು ಆರು ವಾರ ಬೇಕಾಗಿತ್ತು. ಅದನ್ನೂ ಮೊದಲೇ ಹೇಳಿದ್ದೆ.

ಕಾಯಿಲೆಯ ವಿಷಯವೂ ಹಾಗೇ. ಪರ್ಷಿಯನ್‌ಗಳಲ್ಲಿ ಕಿಡ್ನಿಯೊಳಗೆ ನೀರುಗುಳ್ಳೆ ಬೆಳೆಯುವ ರೋಗ ವಂಶದಲ್ಲೇ ಬರುತ್ತದೆ. ಅದಕ್ಕೆ ಕಾರಣವಾದ ಜೀನಿನ ದೋಷ 2004ರಲ್ಲಿ ಪತ್ತೆಯಾಯಿತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮರಿಗೆ ಬರಬಹುದು. ಅಣ್ಣ ತಂಗಿಯರೇ ಕೂಡಿ ಮರಿ ಹಾಕಿದ ಮನೆಯಲ್ಲಿ ಯಾವುದಕ್ಕೆ ಇದೆ, ಯಾವುದಕ್ಕಿಲ್ಲ ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ‘ಶುದ್ಧ ತಳಿ’ ಎಂದು ದುಡ್ಡು ಕೊಟ್ಟವರಿಗೆ ಇದು ಮೋಸ ಅನಿಸುತ್ತದೆ. ‘ಕಷ್ಟದಲ್ಲಿದ್ದ ಬೆಕ್ಕು’ ಎಂದು ಒಯ್ದವರಿಗೆ ಹಾಗನಿಸುವುದು ಕಡಿಮೆ.

ಪುಕ್ಕಟೆ ಕೊಟ್ಟರೆ ಬೆಲೆ ಇರುವುದಿಲ್ಲ ಅಂತಾರಲ್ವಾ? ದುಡ್ಡು ಕೊಟ್ಟು ಬೆಕ್ಕು ಒಯ್ದವರನ್ನೂ ಬಿಟ್ಟಿಯಾಗಿ ಒಯ್ದವರನ್ನೂ ಹೋಲಿಸಿದ ಒಂದು ಅಧ್ಯಯನ 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಬೆಕ್ಕಿನ ಮೇಲಿನ ಪ್ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಕ್ಕು ಕೂಡಿಹಾಕುವವರೂ ದುಡ್ಡಿಲ್ಲದವರೇ ಆಗಿರಬೇಕಿಲ್ಲ. ಕೊಡುತ್ತಾರೆ, ಇನ್ನೊಂದನ್ನು ಒಯ್ಯುತ್ತಾರೆ. ಅವರ ಗುಟ್ಟು ತಿಳಿಯುವುದು ಮನೆಯೊಳಗೆ ಕಾಲಿಟ್ಟಾಗ. ಈಗ ಎಷ್ಟು ಬೆಕ್ಕಿವೆ, ವಾಸನೆ ಹೇಗಿದೆ, ಬಾಲ್ಕನಿಗೆ ಜಾಲರಿ ಹಾಕಿದ್ದಾರಾ, ‘ಆ ರೂಮಿಗೆ ಬೇಡ’ ಅಂತಾರಾ.

ಆ ಬೂದು ಬೆಕ್ಕನ್ನು ಕೊನೆಗೆ ಒಯ್ದವರು ಪಿಂಚಣಿಯಲ್ಲಿ ಬದುಕುವ ಒಬ್ಬ ಆಂಟಿ. ‘ಎಷ್ಟು ಕೊಡಬೇಕಪ್ಪಾ?’ ಎಂದರು. ‘ಏನೂ ಬೇಡ ಆಂಟಿ, ದಿನಾ ಬಾಚಬೇಕು, ಕಣ್ಣಿನ ನೀರು ಒರೆಸಬೇಕು, ಅಷ್ಟೇ’ ಎಂದೆ. ಮೂರು ವಾರದ ಮೇಲೆ ಫೋನ್ ಬಂತು. ತಲೆ ಬಾಚುವ ಬಾಚಣಿಗೆಯಲ್ಲೇ ಅದಕ್ಕೂ ಬಾಚುತ್ತಿದ್ದರಂತೆ. ‘ಹಲ್ಲೆಲ್ಲಾ ಮುರಿದುಹೋಯ್ತು, ಇದಕ್ಕೆ ಸ್ಟೀಲಿಂದು ಸಿಗುತ್ತಾ?’